ಗೇರ್ ಆಮೇಲೆ, ಲೈಟ್ ಮೊದಲು

‘ಸೈಕಲ್‌ಗೂ ಹೆಲ್ಮೆಟ್ಟಾ ಕಣಪ್ಪಾ? ಅಷ್ಟು ಸ್ಪೀಡಾಗಿ ಹೋಯ್ತೀಯಾ?’

ಜಾವಗಲ್‌ನ ಟೀ ಅಂಗಡಿಯಲ್ಲಿ ಹೆಲ್ಮೆಟ್ ಬಿಚ್ಚಿ ಬೆಂಚಿನ ಮೇಲಿಟ್ಟಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಉಳಿದವರು ನಗುತ್ತಾರೆ. ಮೊದಮೊದಲು ನಾನು ನಾಚಿಕೊಂಡು ಅದನ್ನು ಹ್ಯಾಂಡಲ್‌ಗೆ ನೇತುಹಾಕಿ, ಊರು ದಾಟಿದ ಮೇಲಷ್ಟೇ ತಲೆಗೆ ಹಾಕಿಕೊಳ್ಳುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಅದಕ್ಕೆ ಕಾರಣವಿದೆ.

ನಾವು ಅರಸೀಕೆರೆಯ ನಾಲ್ವರು ಗೆಳೆಯರು. ಒಬ್ಬ ಎಂ.ಕಾಂ. ಓದುತ್ತಿದ್ದಾನೆ, ಇಬ್ಬರು ಕೆಲಸಕ್ಕೆ ಸೇರಿದ್ದಾರೆ, ನಾನು ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ವಾರವಿಡೀ ಲೈಬ್ರರಿಯಲ್ಲಿ ಕೂತು ಬೆನ್ನು ಹಿಡಿದುಕೊಂಡವನಿಗೆ ಭಾನುವಾರದ ಸೈಕಲ್ ಸವಾರಿಯೇ ಔಷಧಿ. ಬೆಳಿಗ್ಗೆ ಐದೂವರೆಗೆ ಹೊರಟರೆ ಬಾಣಾವರ, ಜಾವಗಲ್ ದಾಟಿ ಹಳೇಬೀಡು. ಕಾಲಲ್ಲಿ ಕಸುವು ಉಳಿದಿದ್ದರೆ ಇನ್ನೂ ಸುಮಾರು 16 ಕಿ.ಮೀ. ತುಳಿದು ಬೇಲೂರು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಸ್ಥಾನಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮಗೆ ಅವು ಸೈಕಲ್ ನಿಲ್ಲಿಸಿ ನೀರು ಕುಡಿಯುವ ಜಾಗಗಳು!

ನಮ್ಮೆಲ್ಲರ ಮೊದಲ ಸೈಕಲ್ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯಿಂದಾಗಿ ನಮ್ಮ ವಯಸ್ಸಿನ ಹಳ್ಳಿ ಮಕ್ಕಳಿಗೆ ಸೈಕಲ್ ಎಂದರೆ ಹೈಸ್ಕೂಲು. ಅದು ಹವ್ಯಾಸವಾದದ್ದು ಡಿಗ್ರಿಗೆ ಬಂದಮೇಲೆ, ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಕೊಂಡಾಗ. ಅದರ ಹಿಂದೆಯೇ ಅಪ್‌ಗ್ರೇಡ್ ಹುಚ್ಚೂ ಬಂತು. ಏಳು ಗೇರಿನ ಬದಲು ಎಂಟು ಗೇರು, ತೆಳ್ಳನೆಯ ಟೈರು, ಶೂಗೆ ಕಚ್ಚಿಕೊಳ್ಳುವ ಪೆಡಲ್. ನಮ್ಮಲ್ಲೊಬ್ಬ ಮೊದಲ ಸಂಬಳದಲ್ಲಿ ಕಾರ್ಬನ್ ಫೋರ್ಕ್ ಹಾಕಿಸಿ ಸೈಕಲ್ ತೂಕ ಇಳಿಯಿತೆಂದು ಬೀಗಿದ. ಅದೇ ದಿನ ಹಳೇಬೀಡಿನಲ್ಲಿ ಮೂರು ಪ್ಲೇಟ್ ಇಡ್ಲಿ–ವಡೆ ತಿಂದು, ಇಳಿಸಿದ್ದನ್ನೆಲ್ಲ ವಾಪಸ್ ತುಂಬಿಕೊಂಡ.

ನಾನೇನೂ ಸಾಚಾ ಅಲ್ಲ. ಟ್ಯೂಷನ್ ಹೇಳಿ ಕೂಡಿಟ್ಟಿದ್ದ ನಾಲ್ಕು ಸಾವಿರ ರೂಪಾಯಿಯನ್ನು ಹಿಂದಿನ ಗೇರ್ ಸೆಟ್ಟಿಗೆ ಸುರಿದೆ. ಅದೇ ಅಂಗಡಿಯಲ್ಲಿ 350 ರೂಪಾಯಿಯ ಹಿಂಬದಿಯ ಲೈಟ್ ಇತ್ತು. ‘ಮುಂದಿನ ತಿಂಗಳು ನೋಡೋಣ’ ಎಂದು ಬಂದೆ.

ಆ ಮುಂದಿನ ತಿಂಗಳು ಡಿಸೆಂಬರ್. ಬಾಣಾವರದ ಬಳಿಯ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪ ದಿನವೂ ಬೆಳಿಗ್ಗೆ ಹಾಲಿನ ಕ್ಯಾನನ್ನು ಸೈಕಲ್‌ಗೆ ಕಟ್ಟಿಕೊಂಡು ಡೇರಿಗೆ ಹೋಗುತ್ತಾರೆ. ಅವತ್ತು ಮಂಜು ದಟ್ಟವಾಗಿತ್ತು. ಹಿಂದಿನಿಂದ ಬಂದ ಗೂಡ್ಸ್ ಆಟೊ ಗುದ್ದಿತು. ಚಾಲಕ ಓಡಿಹೋಗಲಿಲ್ಲ. ಅವನೇ ಚಿಕ್ಕಪ್ಪನನ್ನು ಎತ್ತಿ ಆಟೊದಲ್ಲಿ ಮಲಗಿಸಿ ಆಸ್ಪತ್ರೆಗೆ ತಂದ. ನಾನು ಹೋದಾಗ ಗೋಡೆಗೊರಗಿ ಕೂತಿದ್ದ. ‘ಕಾಣ್ಲೇ ಇಲ್ಲ ಅಣ್ಣ, ದೇವ್ರಾಣೆ ಕಾಣ್ಲೇ ಇಲ್ಲ’ ಎಂದು ಅಷ್ಟನ್ನೇ ಹೇಳುತ್ತಿದ್ದ. ಚಿಕ್ಕಪ್ಪನ ಬಲಗಾಲಿಗೆ ರಾಡ್ ಹಾಕಿದರು. ನಾಲ್ಕು ತಿಂಗಳು ಹಾಸಿಗೆ. ಚಿಕ್ಕಮ್ಮ ಎರಡು ಹಸುಗಳಲ್ಲಿ ಒಂದನ್ನು ಮಾರಬೇಕಾಯಿತು.

ಅವನ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಅದೇ ನನ್ನನ್ನು ಕಾಡಿದ್ದು. ಏಕೆಂದರೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಕಪ್ಪು ಟೀ ಶರ್ಟ್ ಹಾಕಿಕೊಂಡು, ಲೈಟಿಲ್ಲದ ಸೈಕಲ್‌ನಲ್ಲಿ ಪ್ರತಿ ಭಾನುವಾರ ನಾನೂ ಹೋಗುತ್ತಿದ್ದೆ. ವ್ಯತ್ಯಾಸವೆಂದರೆ ನನ್ನದರಲ್ಲಿ ಎಂಟು ಗೇರ್ ಇತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಹೆಚ್ಚು ಮುಂದೆ ಬರುತ್ತದೆ. ಚಾಲಕ ನಮ್ಮನ್ನು ನೋಡಿ, ‘ಅದು ಸೈಕಲ್’ ಎಂದು ತಿಳಿದು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಕಳೆದಿರುತ್ತದೆ. ಮಂಜಿನಲ್ಲಿ ನಮ್ಮ ಬೆನ್ನು ಅವನಿಗೆ ಮೂವತ್ತು ಮೀಟರ್ ದೂರದಲ್ಲಿ ಕಂಡರೆ ಕಂಡೂ ಪ್ರಯೋಜನವಿಲ್ಲ. ಮಿನುಗುವ ಕೆಂಪು ದೀಪ ಅದಕ್ಕಿಂತ ಎಷ್ಟೋ ಮೊದಲೇ ಕಾಣುತ್ತದೆ.

ಹಾಗಾಗಿ ನನ್ನ ಪ್ರಕಾರ ಸೈಕಲ್‌ಗೆ ಖರ್ಚು ಮಾಡುವ ಕ್ರಮ ಹೀಗಿರಬೇಕು: ಮೊದಲು ಕಾಣಿಸಬೇಕು, ಆಮೇಲೆ ನಿಲ್ಲಬೇಕು, ಬಿದ್ದರೆ ತಲೆ ಉಳಿಯಬೇಕು. ವೇಗ ಕೊನೆಗೆ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ನಿಲ್ಲುವ ವಿಷಯಕ್ಕೆ ಬನ್ನಿ. 25 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದವರು ಅಪ್‌ಗ್ರೇಡ್ ಮಾಡಿ, ಇಳಿಜಾರಿನಲ್ಲಿ 35 ಕಿ.ಮೀ. ಮುಟ್ಟಿದಿರಿ ಎನ್ನಿ. ವೇಗ ಹೆಚ್ಚಿದ್ದು ಹತ್ತೇ ಕಿ.ಮೀ. ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಪಿಯುಸಿಯಲ್ಲಿ ಓದಿದ ಚಲನಶಕ್ತಿಯ ಸೂತ್ರ ನೆನಪಿಸಿಕೊಳ್ಳಿ, ಅದರಲ್ಲಿ ವೇಗಕ್ಕೆ ವರ್ಗವಿದೆ. ಅದರ ಮೇಲೆ ಮಳೆ ಬಂದರೆ ಹಳೆಯ ಸೈಕಲ್‌ಗಳ ಹೊಳೆಯುವ ಸ್ಟೀಲ್ ರಿಮ್ ಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ, ಜಾರುತ್ತದೆ. ಬೇಲೂರಿನ ಕಡೆ ಮಳೆಗಾಲದಲ್ಲಿ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವೆದ ಬ್ರೇಕ್ ಶೂ ಬದಲಿಸುವುದೂ, ಸ್ಟೀಲ್ ರಿಮ್ ಬಿಟ್ಟು ಅಲ್ಯೂಮಿನಿಯಂ ರಿಮ್ ಹಾಕಿಸುವುದೂ ಅಪ್‌ಗ್ರೇಡೇ. ಫೋಟೊದಲ್ಲಿ ಕಾಣುವುದಿಲ್ಲ, ಅಷ್ಟೆ.

ಇನ್ನು ಹೆಲ್ಮೆಟ್. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೇ ಹರಡುತ್ತಾರೆ. ವಾಹನಗಳು ಓಡಾಡಿ ಒಕ್ಕಣೆಯಾಗುತ್ತದೆ. ಕಾರಿಗೆ ಅದರಿಂದ ಏನೂ ಆಗದಿರಬಹುದು. ಸೈಕಲ್‌ನ ತೆಳ್ಳನೆಯ ಟೈರಿಗೆ ಅದು ಎಣ್ಣೆ ಸುರಿದಂತೆ. ಜಾವಗಲ್ ದಾಟಿದ ಮೇಲೆ ನನ್ನ ಮುಂದೆಯೇ ಗೆಳೆಯನ ಮುಂಚಕ್ರ ಹುಲ್ಲಿನ ಮೇಲೆ ಜಾರಿ, ಅವನ ತಲೆ ರಸ್ತೆಗೆ ಬಡಿಯಿತು. ಎದ್ದು ಕೂತು ‘ಫೋರ್ಕಿಗೆ ಏನೂ ಆಗಿಲ್ಲ ತಾನೆ?’ ಎಂದು ಕೇಳಿದ. ಫೋರ್ಕಿಗೆ ಏನೂ ಆಗಿರಲಿಲ್ಲ. ಹೆಲ್ಮೆಟ್‌ನ ಒಳಭಾಗ ಸೀಳಿತ್ತು.

ಅದರ ಕೆಲಸವೇ ಅದು. ಒಳಗಿರುವ ಥರ್ಮೋಕೋಲ್‌ನಂಥ ಪದರ ತಾನು ಹಿಸುಕಿಹೋಗಿ ಪೆಟ್ಟನ್ನು ನುಂಗುತ್ತದೆ. ಹಾಗಾಗಿ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬಿಸಾಡಬೇಕು. ಕೊಳ್ಳುವಾಗ ಒಳಗೆ ‘ಇಎನ್ 1078’ ಅಥವಾ ‘ಸಿಪಿಎಸ್‌ಸಿ’ ಗುರುತಿದೆಯೇ ನೋಡಿ. ಮೊದಲನೆಯದು ಯುರೋಪಿನ ಮಾನದಂಡ, ಎರಡನೆಯದು ಅಮೆರಿಕದ್ದು. ಇದನ್ನೂ ಹೇಳಿಬಿಡಬೇಕು: ಯುರೋಪಿನ ಪರೀಕ್ಷೆಯಲ್ಲಿ ಹೆಲ್ಮೆಟ್ ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 20 ಕಿ.ಮೀ. ಅಂದರೆ ಅದು ನಾವಾಗಿ ಬಿದ್ದಾಗ ಕಾಯುವುದಕ್ಕೆ ಮಾಡಿದ್ದು, ಲಾರಿಯಿಂದ ಕಾಯುವುದಕ್ಕಲ್ಲ. ಅದಕ್ಕೇ ಲೈಟ್ ಮೊದಲು ಎಂದಿದ್ದು.

ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಎನ್ನುವ ಮೋಟಾರು ವಾಹನ ಕಾಯ್ದೆ ಸೈಕಲ್ ಸವಾರರಿಗೆ ಹಾಗೆ ಹೇಳುವುದಿಲ್ಲ. ದಂಡದ ಭಯವಿಲ್ಲದಿದ್ದರೆ ನಾವು ಹಾಕುವುದೂ ಇಲ್ಲ. ಆದರೆ ಬೆಂಗಳೂರಿನಂಥ ಕಡೆ ನಡೆಯುವ ದೂರದ ‘ಬ್ರೆವೆ’ ಸವಾರಿಗಳ ನಿಯಮ ನೋಡಿ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಕತ್ತಲಾದರೆ ಹಿಂದೆ, ಮುಂದೆ ಲೈಟು, ಮೈಮೇಲೆ ಬೆಳಕು ಪ್ರತಿಫಲಿಸುವ ಜಾಕೆಟ್ ಇರಲೇಬೇಕು. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನಲ್ಲಿ ಈಗ 1,200 ಕಿ.ಮೀ.ಯನ್ನು 90 ಗಂಟೆಯೊಳಗೆ ಮುಗಿಸುವ ಗಟ್ಟಿಗರಿಗೂ ರಾತ್ರಿ ಆ ಜಾಕೆಟ್ ತಪ್ಪಿದ್ದಲ್ಲ. ಅವರಿಗಿಲ್ಲದ ನಾಚಿಕೆ ಹಳೇಬೀಡಿಗೆ ಹೋಗಿಬರುವ ನಮಗೇಕೆ?

‘ನೆದರ್‌ಲೆಂಡ್ಸ್‌ನಲ್ಲಿ ಯಾರೂ ಹೆಲ್ಮೆಟ್ ಹಾಕಲ್ಲ’ ಎಂದು ನಮ್ಮ ಗುಂಪಿನ ಎಂ.ಕಾಂ. ಪಂಡಿತ ವಾದಿಸುತ್ತಾನೆ. ನಿಜ, ಅಲ್ಲಿ ಬಹಳಷ್ಟು ಜನ ಹಾಕುವುದಿಲ್ಲ. ಆದರೆ ಅಲ್ಲಿ ಸೈಕಲ್‌ಗೆಂದೇ ಬೇರೆ ದಾರಿಗಳಿವೆ. ನಮ್ಮಲ್ಲಿ ತೆಂಗಿನಕಾಯಿ ತುಂಬಿದ ಲಾರಿ, ಪ್ರವಾಸಿಗರ ಕಾರು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್, ನನ್ನ ಚಿಕ್ಕಪ್ಪ, ಎಲ್ಲರಿಗೂ ಒಂದೇ ದಾರಿ. ರಸ್ತೆ ಅಗಲ ಮಾಡುವಾಗ ಅಂಚಿನಲ್ಲಿ ಸೈಕಲ್‌ಗೆ ಎರಡು ಅಡಿ ಬಿಡಿ ಎಂದು ಕೇಳುವುದನ್ನು ನಾವು ನಿಲ್ಲಿಸಬಾರದು. ಅಪಘಾತವಾದಾಗ ‘ಲೈಟ್ ಯಾಕೆ ಹಾಕಿರಲಿಲ್ಲ’ ಎಂದು ಬಿದ್ದವನನ್ನೇ ಬೈಯುವುದೂ ನ್ಯಾಯವಲ್ಲ. ಆದರೆ ಆ ಎರಡು ಅಡಿ ಬರುವವರೆಗೆ ನಾಳೆ ಬೆಳಿಗ್ಗೆ ಹಾಲು ಡೇರಿಗೆ ಹೋಗಲೇಬೇಕಲ್ಲ?

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ, ಕೆಲಸ ಹುಡುಕುತ್ತಿರುವವನಿಗೆ ಅದು ಮುಖ್ಯ. ಹಿಂದಿನ ಲೈಟ್ 350, ಮುಂದಿನದು 500, ಬ್ರೇಕ್ ಶೂ 150, ಹೆಲ್ಮೆಟ್ 1,400. ಒಟ್ಟು 2,400 ರೂಪಾಯಿ. ನನ್ನ ಗೇರ್ ಸೆಟ್ಟಿಗಿಂತ ಕಡಿಮೆ.

ಚಿಕ್ಕಪ್ಪ ಈಗ ಮತ್ತೆ ಸೈಕಲ್ ತುಳಿಯುತ್ತಿದ್ದಾರೆ. ಲೈಟ್ ತಂದುಕೊಟ್ಟಾಗ ‘ಐದ್ ನಿಮಿಷದ್ ದಾರಿಗೆ ಇದ್ಯಾಕ್ಲಾ ಮಗ’ ಎಂದರು, ಆದರೆ ಬೇಡ ಎನ್ನಲಿಲ್ಲ. ಆ ತಿಂಗಳು ನಾವು ನಾಲ್ವರೂ ಅಪ್‌ಗ್ರೇಡ್ ದುಡ್ಡು ಒಟ್ಟು ಹಾಕಿ, ಆ ಡೇರಿಗೆ ಬರುವ ಹನ್ನೊಂದು ಸೈಕಲ್‌ಗಳಿಗೆ ಪುಟ್ಟ ಕೆಂಪು ಲೈಟು, ಮಡ್‌ಗಾರ್ಡಿಗೆ ಹೊಳೆಯುವ ಟೇಪು ಹಾಕಿದೆವು. ‘ನನ್ ಸೈಕಲ್ ಮದ್ವೆ ಮನೆ ಆಗೋಯ್ತಲ್ರೋ’ ಎಂದು ಒಬ್ಬ ಅಜ್ಜ ನಕ್ಕರು. ನಮ್ಮದು ದೊಡ್ಡ ಸಮಾಜಸೇವೆಯೇನಲ್ಲ, ಒಂದು ಬೆಳಗಿನ ಕೆಲಸ. ಸೈಕಲ್ ಸವಾರಿಯನ್ನು ಹವ್ಯಾಸ ಮಾಡಿಕೊಂಡವರು ಅದನ್ನೇ ಬದುಕು ಮಾಡಿಕೊಂಡವರಿಗೆ ಇಷ್ಟನ್ನಾದರೂ ಮಾಡಬಹುದು ಅನ್ನಿಸಿತು.

ಈ ತಿಂಗಳು ನೀವೂ ಸೈಕಲ್‌ಗೆ ಏನಾದರೂ ಹಾಕಿಸಬೇಕೆಂದಿದ್ದೀರಾ? ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಸೈಕಲನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ, ನೂರು ಹೆಜ್ಜೆ ಹಿಂದೆ ನಡೆದುಹೋಗಿ ತಿರುಗಿ ನೋಡಿ. ನಿಮಗೇ ಅದು ಕಾಣದಿದ್ದರೆ, ಮೊದಲು ಏನು ಕೊಳ್ಳಬೇಕೆಂದು ಯಾರನ್ನೂ ಕೇಳಬೇಕಿಲ್ಲ.