ಮಾಚು ಪಿಚುಗೆ ಪ್ಲಾನ್ ಇದೆ, ಬೆಳಗೊಳಕ್ಕೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಊರಿಗೊಬ್ಬರಂತೆ ನಾಲ್ವರು ಸೇರಿದ ಗುಂಪು ನಮ್ಮದು. ಈ ಸೆಮಿಸ್ಟರ್‌ನಲ್ಲಿ ನಾವು ಅತ್ಯಂತ ಶ್ರದ್ಧೆಯಿಂದ ಮಾಡಿದ ಕೆಲಸ ಯಾವುದು ಗೊತ್ತಾ? ಪ್ರಾಜೆಕ್ಟ್ ರಿಪೋರ್ಟ್ ಅಲ್ಲ, ಮಾಚು ಪಿಚು ಪ್ರವಾಸದ ಎಕ್ಸೆಲ್ ಶೀಟ್!

ರಜನಿಕಾಂತ್ ಅವರ ‘ಎಂದಿರನ್’ ಚಿತ್ರದ ಹಾಡಿನಲ್ಲಿ ಆ ಬೆಟ್ಟ ನೋಡಿದಾಗಿನಿಂದ ಹತ್ತಿದ ಹುಚ್ಚು ಇದು. ಕೆಲಸ ಸಿಕ್ಕಿದ ಮೇಲೆ ಹೋಗಲೇಬೇಕು. ಕುಸ್ಕೊ ನಗರ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಉಸಿರು ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯವೂ ನಡೆಯುವ ದಾರಿಯೂ ಮೊದಲೇ ನಿಗದಿ. 15ನೇ ಶತಮಾನದ ಇಂಕಾ ಜನ ಮಳೆನೀರು ಇಂಗಿಹೋಗಲು ಮೆಟ್ಟಿಲು ಗದ್ದೆಗಳಡಿ ಕಲ್ಲು, ಜಲ್ಲಿ ಹಾಸಿದ್ದನ್ನೂ, ಅಲ್ಲಿನ 16 ಕಾರಂಜಿಗಳನ್ನೂ ಓದಿಕೊಂಡಿದ್ದೇವೆ.

ಹೋದ ತಿಂಗಳು ಶ್ರವಣಬೆಳಗೊಳಕ್ಕೆ ಹೋದೆವು. ಪ್ಲಾನ್? ವಾಟ್ಸಾಪ್‌ನಲ್ಲಿ “ನಾಳೆ ಹೋಗೋಣ್ವಾ ಮಗಾ?” ಅಷ್ಟೇ. ತಲುಪಿದ್ದು ಮಟಮಟ ಮಧ್ಯಾಹ್ನ. ಬರಿಗಾಲಲ್ಲಿ ವಿಂಧ್ಯಗಿರಿ ಹತ್ತುವಾಗ ಅಂಗಾಲು ಸುಟ್ಟು, ಮೇಲೆ ಹತ್ತು ನಿಮಿಷ ಫೋಟೋ ತೆಗೆದು ಇಳಿದೆವು. ಎದುರಿನ ಚಂದ್ರಗಿರಿ ಹತ್ತಲೇ ಇಲ್ಲ. ಇಳಿಯುವಾಗ ನಮ್ಮಲ್ಲೊಬ್ಬ, ಹೈಸ್ಕೂಲ್ ಪ್ರವಾಸದಲ್ಲಿ ಬಂಡೆಯ ಮೇಲೆ ಗೀಚಿದ್ದ ತನ್ನ ಹೆಸರು ಹುಡುಕತೊಡಗಿದ. ನಾವೂ ನಗುನಗುತ್ತಾ ಹುಡುಕಿದೆವು. ಆಮೇಲೆ ಓದಿದಾಗ ನಾಚಿಕೆಯಾಯಿತು. ಆ ಎರಡು ಬೆಟ್ಟ ಮತ್ತು ಊರಿನಲ್ಲಿ 500ಕ್ಕೂ ಹೆಚ್ಚು ಶಾಸನಗಳಿವೆ. ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟವರ ಹೆಸರುಗಳನ್ನು ಚಂದ್ರಗಿರಿಯ ಬಂಡೆಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕಾಪಾಡಿಕೊಂಡು ಬಂದಿವೆ. ಅಂಥ ಜಾಗದಲ್ಲಿ ನಾವು ಹುಡುಕಿದ್ದು ನಮ್ಮವನ ಹೆಸರನ್ನು!

“ಮನೆ ಪಕ್ಕದ ಬೆಟ್ಟಕ್ಕೆ ಪ್ಲಾನ್ ಯಾಕೆ, ಯಾವಾಗ ಬೇಕಾದ್ರೂ ಹೋಗ್ಬಹುದಲ್ಲ” ಅನ್ನಬಹುದು. ನಿಜ, ಅದಕ್ಕೇ ನಾವು ಸರಿಯಾಗಿ ಹೋಗುವುದೇ ಇಲ್ಲ. ದೂರದ ಜಾಗಕ್ಕೆ ಖರ್ಚು ಜಾಸ್ತಿ, ಹಾಗಾಗಿ ಓದಿಕೊಂಡು ಹೋಗುತ್ತೇವೆ. ಹತ್ತಿರದ ಜಾಗಕ್ಕೆ ಖರ್ಚು ಬರೀ ಪೆಟ್ರೋಲಿನದ್ದು, ಹಾಗಾಗಿ ಓದುವುದಿಲ್ಲ. ಪೆರುವಿಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಅಲ್ಲಿಗೆ ಮಾಡುವ ತಯಾರಿಯ ಕಾಲುಭಾಗ ಇಲ್ಲಿಗೂ ಮಾಡಿ ಎನ್ನುತ್ತಿದ್ದೇವೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಮೊದಲು ಹೇಮಾವತಿ ದಂಡೆಯ ತಮ್ಮೂರಿನ ಜನರನ್ನು ಕಣ್ತುಂಬ ನೋಡಿ ‘ನಮ್ಮ ಊರಿನ ರಸಿಕರು’ ಬರೆದರು. ‘ಅಮೆರಿಕಾದಲ್ಲಿ ಗೊರೂರು’ ಬಂದದ್ದು ಎಷ್ಟೋ ದಶಕಗಳ ನಂತರ.

ಎಂಜಿನಿಯರಿಂಗ್ ಓದುವವರಿಗೆ ಇಲ್ಲಿ ನೋಡಲು ಕಡಿಮೆಯೇನಿಲ್ಲ. ಸುಮಾರು 58 ಅಡಿಯ ಗೊಮ್ಮಟನನ್ನು ಎಲ್ಲಿಂದಲೋ ತಂದು ನಿಲ್ಲಿಸಿದ್ದಲ್ಲ, ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದದ್ದು. ಚಾವುಂಡರಾಯ ಅದನ್ನು ಮಾಡಿಸಿದ್ದು 981ರ ಸುಮಾರಿಗೆ, ಅಂದರೆ ಮಾಚು ಪಿಚುಗಿಂತ ನಾನೂರಕ್ಕೂ ಹೆಚ್ಚು ವರ್ಷ ಮೊದಲು. ಮೇಲಿನಿಂದ ಕೆಳಗೆ ಕಡೆಯುತ್ತಾ ಬರುವಾಗ ಅಳತೆ ತಪ್ಪಿದರೆ ತಿದ್ದುವ ದಾರಿಯೇ ಇಲ್ಲ. ನಮ್ಮ ಡ್ರಾಯಿಂಗ್ ಶೀಟ್‌ನಲ್ಲಾದರೆ ರಬ್ಬರ್ ಇರುತ್ತದೆ!

ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆ. ಈ ವರ್ಷದ ಪ್ರವಾಸ ಬೆಳಗೊಳಕ್ಕೇ ಇರಲಿ. ಹಾಸನದಿಂದ ರೈಲಿದೆ. ಅರಕಲಗೂಡು, ಹೊಳೆನರಸೀಪುರದ ಕಡೆಯವರು ಚನ್ನರಾಯಪಟ್ಟಣದಲ್ಲಿ ಸೇರಿಕೊಳ್ಳಬಹುದು. ಹಿಂದಿನ ದಿನವೇ ಹೋಗಿ ಉಳಿದು, ಬಿಸಿಲೇರುವ ಮೊದಲೇ ವಿಂಧ್ಯಗಿರಿ ಹತ್ತೋಣ. ಸಂಜೆ ಚಂದ್ರಗಿರಿ. ಪ್ರತಿಯೊಬ್ಬರೂ ಒಂದೊಂದು ಶಾಸನದ ಬಗ್ಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೇ ಸಂಪುಟದಲ್ಲಿ ಓದಿಕೊಂಡು ಬಂದು, ಅದರ ಎದುರೇ ನಿಂತು ಉಳಿದವರಿಗೆ ಹೇಳಬೇಕು.

ಗೀಚಿದ ಹೆಸರು ಕೊನೆಗೂ ಸಿಗಲಿಲ್ಲ. ಆ ಗೆಳೆಯ ಈಗ ಶೀಟ್‌ನಲ್ಲಿ ಪೆರುವಿನ ಮೇಲೆ ಒಂದು ಹೊಸ ಸಾಲು ಸೇರಿಸಿದ್ದಾನೆ: “ಚಂದ್ರಗಿರಿ – ಬಾಕಿ.”