ಮುಂದಿನ ಕೆಂಪು ದೀಪದವರೆಗೆ

ಮಕ್ಕಳೇ, ರೈಲು ಓಡಿಸುವ ಗೇಮ್ ಆಡಿ ಬೇಸತ್ತು ಫೋನ್ ಎಸೆದವರು ಎಷ್ಟು ಮಂದಿ? ನನ್ನ ಮೊಮ್ಮಗನದು ಎರಡು ದೂರು: "ತಾತಾ, ಕೆಂಪು ಸಿಗ್ನಲ್ ಬಿದ್ದರೆ ಕಾದು ಕಾದು ಬೇಜಾರು. ಜೋರಾಗಿ ಓಡಿಸಿದರೆ ಸ್ಟೇಷನ್ನೇ ದಾಟಿಹೋಗುತ್ತೆ!"

ಎರಡಕ್ಕೂ ಕಾರಣ ಒಂದೇ. ರೈಲು ಸೈಕಲ್ಲಿನಂತೆ ಥಟ್ಟನೆ ನಿಲ್ಲದು. ಉಕ್ಕಿನ ಹಳಿ, ಉಕ್ಕಿನ ಗಾಲಿ. ಹಿಡಿತ ಕಡಿಮೆ, ಭಾರ ವಿಪರೀತ. ವೇಗದಲ್ಲಿದ್ದರೆ ಬ್ರೇಕ್ ಹಾಕಿದ ಮೇಲೂ ಸುಮಾರು 1 ಕಿಲೋಮೀಟರ್ ಹೋಗಿಬಿಡುತ್ತದೆ. ಅದಕ್ಕೇ ಅನೇಕ ಮಾರ್ಗಗಳಲ್ಲಿ ಕೆಂಪಿಗೆ ಮೊದಲೇ ಎರಡು ಹಳದಿ ದೀಪ, ಆಮೇಲೆ ಒಂದು ಹಳದಿ.

ನಿಜವಾದ ಎಂಜಿನ್ನಿನಲ್ಲೂ ಬೇಜಾರುಂಟು. ಲೋಕೋ ಪೈಲಟ್ ಸುಮಾರು 1 ನಿಮಿಷ ಸುಮ್ಮನೆ ಕೂತರೆ ಎಚ್ಚರಿಕೆ ಯಂತ್ರ ಕೂಗುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಪ್ರತಿ ಸಿಗ್ನಲ್ಲನ್ನೂ ಅವರು ಸಹಾಯಕರೊಂದಿಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಹಿಂದೆ ಬೋಗಿಗಳಲ್ಲಿ ನೂರಾರು ಜನ ನಂಬಿ ಮಲಗಿರುತ್ತಾರಲ್ಲ!

ಅಜ್ಜ ಅಜ್ಜಿಯರೇ, ಆ ಸಹಾಯಕರ ಸೀಟು ನಿಮಗೆ. "ಎರಡು ಹಳದಿ!" ಎಂದು ನೀವು ಹೇಳಿ, ಮಗು ಮರುನುಡಿದು ವೇಗ ಇಳಿಸಲಿ. ಕೆಂಪು ಬಿದ್ದಾಗ ನಿಮ್ಮ ಹಳೆಯ ರೈಲುಪ್ರಯಾಣದ ಕಥೆ ಶುರುಮಾಡಿ. ಹಸಿರು ಬಂದು ಕಥೆ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಮುಂದೆ ಇನ್ನೊಂದು ಕೆಂಪು ದೀಪ ಬಂದೇ ಬರುತ್ತದೆ.