ಗೋಕಾವಿಯ ನೀರಿನ ಬಣ್ಣ

ನಾನು ಉಪಾಧ್ಯಾಯನಾಗಿದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಪ್ರವಾಸದ ಪ್ರಬಂಧಗಳ ಕಟ್ಟೊಂದು ನನ್ನ ಮೇಜಿಗೆ ಬರುತ್ತಿತ್ತು. ಗೋಕಾಕದ ಜಲಪಾತವನ್ನು ನೋಡಿ ಬಂದ ಹುಡುಗರೆಲ್ಲರೂ ತಪ್ಪದೆ ಬರೆಯುತ್ತಿದ್ದ ಮಾತು ಒಂದೇ: ನೀರು ಹಾಲಿನಂತೆ ಬೆಳ್ಳಗೆ ಧುಮ್ಮಿಕ್ಕುತ್ತಿತ್ತು. ಕಾಗುಣಿತವನ್ನಷ್ಟೇ ತಿದ್ದಿ ನಾನು ಅಂಕ ಕೊಡುತ್ತಿದ್ದೆ. ಆಗ ನಾನಿನ್ನೂ ಗೋಕಾವಿಯನ್ನು ನೋಡಿರಲಿಲ್ಲ.

ನಿವೃತ್ತನಾದ ಮೇಲೆ ಒಂದು ಶ್ರಾವಣದಲ್ಲಿ ಹೋದೆ. ಘಟಪ್ರಭೆ ಕುದುರೆಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 170 ಅಡಿ ಕೆಳಗೆ ಬೀಳುತ್ತಿದ್ದಳು. ಹಾಲೆಲ್ಲಿಯದು? ಅದು ಆಗತಾನೆ ಉತ್ತ ಹೊಲದ ಕೆಂಗಂದು ಬಣ್ಣ. ಸಹ್ಯಾದ್ರಿಯಿಂದ ಇಲ್ಲಿಯವರೆಗಿನ ಎಷ್ಟೋ ಊರುಗಳ ಮಣ್ಣು ಅದರಲ್ಲಿ ಕರಗಿತ್ತು. ಅಷ್ಟು ಹುಡುಗರು ಕಣ್ಣಾರೆ ಕಂಡ ಕೆಂಪನ್ನು ಬಿಟ್ಟು ಪುಸ್ತಕದಲ್ಲಿ ಓದಿದ ಬಿಳುಪನ್ನು ಬರೆದಿದ್ದರು. ಅದನ್ನು ಒಪ್ಪಿದವನು ನಾನು. ಮಹಾಲಿಂಗೇಶ್ವರನ ಹಳೆಯ ಗುಡಿಯ ಬಳಿ ನಿಂತು, ತೂಗುಸೇತುವೆಯನ್ನೂ ಆಚೆಯ ನೂಲಿನ ಗಿರಣಿಯನ್ನೂ ನೋಡುತ್ತ ತುಸು ಹೊತ್ತು ನಾಚಿದೆ. 1880ರ ದಶಕದಲ್ಲಿ ಹುಟ್ಟಿದ ಆ ಗಿರಣಿ ಈ ಧುಮುಕಿನ ಬಲದಿಂದಲೇ ತನ್ನ ಯಂತ್ರಗಳನ್ನು ತಿರುಗಿಸಿತು. ನೋಡಬಂದವರು ಅತ್ತ ಬೆನ್ನು ಮಾಡಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು.

ಹೆಚ್ಚಿನವರು ಅಲ್ಲಿಂದಲೇ ಹಿಂತಿರುಗುತ್ತಾರೆ. ನಾನು ಕೆಲವೇ ಮೈಲಿ ದೂರದ ಪೇಟೆಗೆ ಹೋದೆ. ಮೊದಲು ಕಿವಿಗೆ ಬಿದ್ದದ್ದು ಗದ್ದಲ. ಟಂಟಂ ಗಾಡಿಗಳ ಕೂಗು, ಕಬ್ಬಿನ ರಸದ ಗಾಣದ ಗೆಜ್ಜೆ, ತರಕಾರಿಯವಳ ಏರುದನಿ, ಮರಾಠಿಯ ಮಗ್ಗುಲಲ್ಲೇ ಬೆಳೆದ ಗಟ್ಟಿಮುಟ್ಟಾದ ಕನ್ನಡ. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ, ಕೊಬ್ಬರಿ, ಉತ್ತತ್ತಿಗಳೊಡನೆ ಕೂಡಿಸಿದ ಕರದಂಟಿನ ವಾಸನೆ ಅಂಗಡಿಗಿಂತ ಮುಂಚೆ ಬಂದು ಎದುರುಗೊಂಡಿತು. ಕರಿದ ಅಂಟೇ ಕರದಂಟು; ತಿನ್ನುವವರಲ್ಲಿ ಎಷ್ಟು ಜನ ಹೆಸರನ್ನು ಅಗಿದು ನೋಡಿದ್ದಾರೋ ತಿಳಿಯದು. ಒಂದೆಡೆ ಮರದಲ್ಲಿ ಕಡೆದು ಬಣ್ಣ ಹಚ್ಚಿದ ಹಣ್ಣುಗಳಿದ್ದವು. ಬಾಳೆಯ ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆಯನ್ನೂ ಆ ಕೈ ಬಿಟ್ಟಿರಲಿಲ್ಲ. ಹಣ್ಣಿನ ನಿಜವಾದ ಬಣ್ಣವನ್ನು ಬಲ್ಲವರು ಈ ಊರಲ್ಲಿದ್ದಾರೆ, ಜಲಪಾತದ ಬಣ್ಣವನ್ನು ಬಲ್ಲ ವಿದ್ಯಾರ್ಥಿ ನನ್ನ ತರಗತಿಯಲ್ಲಿರಲಿಲ್ಲ ಎಂದುಕೊಂಡೆ.

ಅಂಗಡಿಯ ಮುದುಕನೊಬ್ಬನಿಗೆ, ಧುಮುಕು ತುಂಬಿ ಹರಿಯುವುದು ಎಷ್ಟು ಚಂದ ಎಂದೆ. ಆತ ಗೋಡೆಯ ಕಡೆ ಕೈ ತೋರಿಸಿದ. ನನ್ನ ಎದೆಯ ಎತ್ತರದಲ್ಲಿ ಒಂದು ಮಾಸಲು ಗೆರೆ. "ನೀರು ಬಂದಾವು ಅಂತ ನೀವು ಬರ್ತೀರಿ. ನೀರು ಬರ್ತಾವು ಅಂತ ನಾವು ಹೋಗ್ತೀವಿ," ಎಂದ. ಅದು 2019ರ ಆಗಸ್ಟಿನ ಗೆರೆ. ಆ ಮಳೆಯಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಗಲ್ಲಿಗಳು ಮುಳುಗಿದ್ದವು. ಲೋಳಸೂರಿನ ಸೇತುವೆ ನೀರಿನೊಳಗಾಗಿತ್ತು. ಊರು ಇರುವುದು ಜಲಪಾತದ ಕೆಳಗಡೆಯ ಹರಿವಿನಲ್ಲಿ. ಮೇಲೆ ನಿಂತು ನಾವು ಹರ್ಷದಿಂದ ಕೂಗುವ ಅದೇ ನೀರು, ಸ್ವಲ್ಪ ಹೊತ್ತಿಗೆ ಈ ಅಂಗಡಿಗಳ ಪಕ್ಕದಲ್ಲಿ ಹಾಯುತ್ತದೆ. ಇದನ್ನು ಯಾವ ಪ್ರಬಂಧದಲ್ಲಿಯೂ ನಾನು ಓದಿರಲಿಲ್ಲ.

ಮರುದಿನ ನದಿಯ ಹಿಂದುಮುಂದನ್ನು ಅರಸಿ ಹೊರಟೆ. ಮೇಲ್ಗಡೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಿದೆ. ಧುಮುಕು ಎಂದು ತುಂಬಬೇಕು, ಎಂದು ಬರಿಯ ಬಂಡೆಯಾಗಬೇಕು ಎಂಬುದರಲ್ಲಿ ಈಗ ಮಳೆಯಷ್ಟೇ ಅಣೆಕಟ್ಟಿನ ಬಾಗಿಲುಗಳಿಗೂ ಪಾಲುಂಟು. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮುಳುಗಿ ಕೂತಿದೆ. ನೀರು ಇಳಿದಾಗ ಮೇಲೇಳುತ್ತದೆ, ಜನ ನೋಡಲು ಮುಗಿಬೀಳುತ್ತಾರೆ. ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳಿಗೆ ಅಷ್ಟು ಜನ ಹೋಗುವುದನ್ನು ನಾನು ಕಾಣೆ. ಇತ್ತ ಧೂಪದಾಳದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆಯ ಸೀಮೆಯಲ್ಲಿ, 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯ ಕಡೆ, ಕಣ್ಣು ಹಾಯುವಷ್ಟು ದೂರ ಕಬ್ಬು. ಒಬ್ಬರ ಊರು ಮುಳುಗಿ ಇನ್ನೊಬ್ಬರ ಹೊಲ ಹಸಿರಾದ ಲೆಕ್ಕವನ್ನು ನಡುವೆ ನಿಂತ ಜಲಪಾತ ಹೇಳುವುದಿಲ್ಲ.

ಈ ಸೀಮೆಯನ್ನು ಬಲ್ಲ ಕಣ್ಣುಗಳು ನಮ್ಮ ಸಾಹಿತ್ಯಕ್ಕೆ ಹೊಸವಲ್ಲ. ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಗೋಕಾಕ ತಾಲೂಕಿನವರು. ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿ ತಾಲೂಕಿನದು. ಇಷ್ಟು ಬರಹಗಾರರನ್ನು ಕೊಟ್ಟ ನೆಲಕ್ಕೆ ನಮ್ಮ ಶಾಲೆಗಳ ಬಸ್ಸು ಬಂದು, ಜಲಪಾತದೆದುರು ಅರ್ಧ ತಾಸು ನಿಂತು, ಕರದಂಟಿನ ಡಬ್ಬಿ ಕೊಂಡು ಓಡುತ್ತದೆ. ಪ್ರವಾಸವೆಂದರೆ ಸಾಲಾಗಿ ನಿಲ್ಲಿಸಿ ತೋರಿಸುವುದೆಂದು ನಂಬಿದ ಉಪಾಧ್ಯಾಯರಲ್ಲಿ ನಾನೂ ಒಬ್ಬನಾಗಿದ್ದೆನಾದ್ದರಿಂದ ಈ ಮಾತನ್ನು ಕಟುವಾಗಿಯೇ ಹೇಳಬಲ್ಲೆ: ಪೇಟೆಯನ್ನು ನೋಡದವನು ಗೋಕಾವಿಯನ್ನು ನೋಡಿಲ್ಲ. ಗದ್ದಲಕ್ಕೆ ಹೆದರಿ ಮಕ್ಕಳನ್ನು ಬಸ್ಸಿನಲ್ಲೇ ಕೂಡಿಸುವ ಎಚ್ಚರಿಕೆ, ಊರನ್ನು ಅವರಿಂದ ಮರೆಮಾಡುವ ಎಚ್ಚರಿಕೆಯೂ ಆಗುತ್ತದೆ.

ಬರುವ ಮಳೆಗಾಲದಲ್ಲಿ ಹೋಗುವ ಉಪಾಧ್ಯಾಯರು ಎರಡು ತಾಸನ್ನು ಪೇಟೆಗೆ ಮೀಸಲಿಡಲಿ. ಹುಡುಗರು ಆಟಿಗೆ ಮಾಡುವವರ ಕೈಯನ್ನು ನೋಡಲಿ, ಅಂಗಡಿಯವನೊಡನೆ ಮಾತಾಡಲಿ, ಗೋಡೆಯ ಗೆರೆಯ ಪಕ್ಕದಲ್ಲಿ ನಿಂತು ತಮ್ಮ ಎತ್ತರವನ್ನು ಅಳೆದುಕೊಳ್ಳಲಿ. ಪ್ರಬಂಧದಲ್ಲಿ ಮತ್ತೆ ಹಾಲು ಬಂದರೆ, ನನ್ನಂತೆ ಸುಮ್ಮನಿರದೆ, ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿರಿ.